ಐದನೇ ಗೂಟ

ನಾಯಿನೇ ತಂಗಿ! ನಾಯಿನೇ ಅಂತ ಎಷ್ಟು ಸಲ ಹೇಳ್ಬೇಕು ನಾನು? ನಾಲ್ಕೂ ಗೂಟ ಇಲ್ಲೇ ಚೀಲದಾಗೆ ತಂದೀನಿ. ಇಗೋ... ಇಗೋ ಇದು ನೋಡು. ತಲೆ ಮೇಲೆ ಹಲ್ಲು ನೆಟ್ಟಿರೋದು ಕಾಣ್ತೈತಾ ಇಲ್ವಾ? ಇದೇನು ನನ್ನ ಹಲ್ಲಾ? ಐವತ್ತೆಂಟು ವರ್ಷಕ್ಕೆ ನನಗೆ ಚಕ್ಕಲಿ ಕಡಿಯೋದೇ ಕಷ್ಟ, ಸರ್ವೆ ಗೂಟ ಕಡೀತೀನಾ! ...ಯಾಕೆ ನಗ್ತೀಯ? ಸೆರಗು ಬಾಯಿಗೆ ಹಿಡ್ಕೊಂಡ್ರೆ ಕಾಣಲ್ಲ ಅಂದ್ಕೊಂಡ್ಯಾ? ನಗು, ನಗು. ನಕ್ಕು ಎಷ್ಟು ದಿನ ಆಯ್ತು ಈ ಮನೆಯಾಗೆ... ಓ. ನಗ್ತಿಲ್ವಾ. ಸರಿ ಬಿಡು.

ಅಲ್ಲೇ ಬಾಗ್ಲ ಮರೆಗೆ ನಿಂತ್ಕೋ, ಪರ್ವಾಗಿಲ್ಲ. ನನಗೇನು ಹೊಸದಾ? ನಮ್ಮ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ, ಭಾವನ ಎದುರು ನಿಂತು ಒಂದು ಮಾತು ಆಡಿದೋಳಲ್ಲ ನೀನು. ಕುಪ್ಪಗಡ್ಡೆ ಹೆಣ್ಣು, ಮರ್ಯಾದಸ್ತ ಮನೆತನ ಅಂತ ಊರೇ ಹೇಳುತ್ತೆ, ನಾನೂ ಹೇಳ್ತೀನಿ. ನನ್ನ ತಮ್ಮ ನಾಗರಾಜ ಇದ್ದಾಗ ನಿನಗೇನು ಹೇಳ್ಬೇಕಾದ್ರೂ ಅವನ ಬಾಯಲ್ಲಿ ಹೇಳಿಸ್ತಿದ್ದೆ. ಈಗ ಅವನಿಲ್ಲ... ನಿನ್ನ ಮಗಳು ಮೇಘನಾ ಆದ್ರೂ ಇದ್ದಿದ್ರೆ ಹೇಳ್ತಿದ್ಲು, ಅವಳೂ ಶಿಕಾರಿಪುರಕ್ಕೆ ಪರೀಕ್ಷೆಗೆ ಹೋಗ್ಯಾಳೆ. ಇರ್ಲಿ. ನೀನು ತಲೆ ಅಲ್ಲಾಡ್ಸು, ಸಾಕು. ನನಗೆ ಅರ್ಥ ಆಗುತ್ತೆ.

ಹನ್ನೊಂದು ಗಂಟೆಗೆ ಸರ್ವೆಯರ್ ಬರ್ತಾರೆ. ನಿನಗೆ ಗೊತ್ತು, ನನಗೂ ಗೊತ್ತು. ಅವರು ನೆಟ್ಟು ಹೋದ ಎಂಟು ಗೂಟದಾಗೆ ಐದು ಕಾಣೆ ಅಂತ ಮೇಘನಾ ಫೋನ್ ಮಾಡ್ಯಾಳೆ. ಸರ್ವೆ ಗೂಟ ಕಿತ್ರೆ ಕೇಸ್ ಅಂತ ಅವರು ಅಂದ್ರಂತೆ. ನಾಯಿ ಮೇಲೆ ಕೇಸ್ ಹಾಕ್ತಾರಾ? ಹಾಕ್ಲಿ, ಕೆಂಚನ್ನ ಕೋರ್ಟಿಗೆ ಕರ್ಕೊಂಡು ಹೋಗಾಣ! ...ಇಲ್ಲ ಇಲ್ಲ, ತಮಾಷೆ ಅಲ್ಲ. ನೀನು ಹೆಚ್ಚಿಗೇನೂ ಮಾಡ್ಬೇಡ. 'ನಮ್ಮ ನಾಯಿನೇ ಕಿತ್ತೈತೆ ಸಾರ್' ಅಂತ ಒಂದು ಮಾತು. ಆಮೇಲೆ ಈ ಕಾಗದಕ್ಕೆ ಒಂದು ಸಹಿ. ರಾಜಿ ಆಗೀವಿ, ಅರ್ಜಿ ವಾಪಸ್ ತಗೋತೀವಿ, ಈಗಿರೋ ಬದುವೇ ಎರಡೂ ಗದ್ದೆಗೆ ಹದ್ದು ಅಂತ ಬರೆಸೀನಿ. ಮನೆ ಮಾತು ಮನೆಯಾಗೇ ಮುಗಿದು ಹೋಗುತ್ತೆ.

ಐದನೇದಾ? ಬೆರಳು ಎಣಿಸ್ತೀಯಲ್ಲ... ಹೌದು, ಇಲ್ಲಿರೋದು ನಾಲ್ಕು. ಐದನೇದು ಸಿಗ್ಲಿಲ್ಲ ತಂಗಿ. ಎಲ್ಲೋ ಹೂತು ಹಾಕಿರ್ತಾನೆ ಬಿಡು. ನಾಯಿ ಬುದ್ಧಿ.

ಇದಕ್ಕೆಲ್ಲ ಮೂಲ ನಿನ್ನ ಮಗಳು. ಬೈತಿಲ್ಲಪ್ಪ, ಇದ್ದದ್ದು ಹೇಳ್ತೀನಿ. ನಾಗರಾಜ ಹೋದ ಮೇಲೆ ಕೆಂಚ ಅನ್ನ ಮುಟ್ಲಿಲ್ಲ, ಎಂಟು ದಿನ. ಮರಿ ಇದ್ದಾಗ ಸಂತೆಯಿಂದ ಹೆಗಲ ಮೇಲೆ ಹೊತ್ಕೊಂಡು ಬಂದಿದ್ನಲ್ಲ ಅವನು, ಆ ಋಣ. ಆಗ ಮೇಘನಾ ಮೊಬೈಲ್ ನೋಡ್ಕೊಂಡು ಇದೇ ಅಂಗಳದಾಗೆ ಆಟ ಕಲಿಸೋಕೆ ಕುಂತಳು, ಮನಸ್ಸು ಬೇರೆ ಕಡೆ ತಿರುಗ್ಲಿ ಅಂತ. ನಾಯಿದೋ, ಅವಳದೋ. ನಾನು ಈ ಜಗುಲಿ ಮೇಲೆ ಕುಂತು ನೋಡ್ತಿದ್ದೆ. 'ಕೈ ಕೊಡು ಕೆಂಚ' ಅಂತಾಳೆ. ಅವನಿಗೇನು ಗೊತ್ತು? ಪೆದ್ದನಂಗೆ ಮುಖ ನೋಡ್ತಾನೆ. ನಾನಂದೆ, ಅಲ್ಲಮ್ಮ, ಬಾರುಕೋಲು ತಗೊಂಡು ಒಂದು ಬಿಡು, ಕೈ ಏನು, ಕಿವಿನೂ ಕೊಡ್ತಾನೆ. ನಮ್ಮಪ್ಪ ನಮಗೆ ನೇಗಿಲು ಹಿಡಿಯೋದು ಕಲಿಸಿದ್ದು ಹಂಗೇ. ಸಾಲು ಸೊಟ್ಟ ಹೋದ್ರೆ ಎತ್ತಿಗೆ ಒಂದು, ನನಗೆ ಎರಡು. ನಾಗರಾಜನಿಗೆ ಬೀಳೋದನ್ನೂ ನಾನೇ ಬೆನ್ನು ಕೊಟ್ಟು ತಿಂದೀನಿ. ಅವನು ಹೇಳಿರ್ಬೇಕು ನಿನಗೆ. ...ಹೇಳಿದ್ದ. ಹೂಂ. ಹೇಳಿದ್ದ ಅಲ್ವಾ? ಅಷ್ಟು ಸಾಕು ನನಗೆ.

ಅವಳು ಏನಂದಳು ಗೊತ್ತಾ? 'ದೊಡ್ಡಪ್ಪ, ಹೊಡೆದ್ರೆ ಅದು ಕಲಿಯಲ್ಲ, ಹೆದರುತ್ತೆ ಅಷ್ಟೇ. ತಪ್ಪು ಮಾಡಿದ್ರೆ ಸುಮ್ನೆ ಇದ್ದುಬಿಡಿ. ಸರಿ ಮಾಡಿದ ಕೂಡ್ಲೇ ಕೊಡಿ.' ಕೂಡ್ಲೇ ಅಂದ್ರೆ ಕೂಡ್ಲೇ! ರೆಪ್ಪೆ ಮುಚ್ಚಿ ತೆಗೆಯೋದ್ರೊಳಗೆ 'ಭೇಷ್' ಅನ್ಬೇಕು, ಒಂದು ಚೂರು ರಸ್ಕು ಬಾಯಿಗೆ ಹಾಕ್ಬೇಕು. ಮೊದಲು ಕಾಲು ಸುಮ್ನೆ ಅಲ್ಲಾಡಿಸಿದ್ನಾ? ಭೇಷ್, ಒಂದು ಚೂರು. ನೆಲ ಬಿಟ್ಟು ಎತ್ತಿದ್ನಾ? ಭೇಷ್, ಒಂದು ಚೂರು. ಆಮೇಲೆ ಅಷ್ಟಕ್ಕೇ ಕೊಡಬಾರದು, ಇನ್ನೊಂಚೂರು ಮೇಲೆ ಎತ್ತಲಿ ಅಂತ ಕಾಯ್ಬೇಕು. ನನಗೆ ಬಹಳ ಹಿಡಿಸ್ತು ಇದು. ಸ್ವಲ್ಪ ಸ್ವಲ್ಪ! ಒಂದೇ ಸಲಕ್ಕೆ ಪೂರ್ತಿ ಕೇಳಿದ್ರೆ ನಾಯಿನೂ ಕೊಡಲ್ಲ, ಮನುಷ್ಯರೂ ಕೊಡಲ್ಲ. ಇಷ್ಟಿಷ್ಟೇ, ಗೊತ್ತಾಗದಂಗೆ ಕೇಳ್ತಾ ಹೋದ್ರೆ... ಏನು? ಒಲೆ ಮೇಲೆ ಏನಾದ್ರೂ ಇಟ್ಟಿದ್ಯಾ? ಹೋಗಿ ನೋಡ್ಕೊಂಡು ಬಾ. ...ಇಲ್ವಾ. ಹಂಗೆ ನೋಡಿದೆಯಲ್ಲ, ಅದಕ್ಕೆ ಕೇಳ್ದೆ.

ನಾಲ್ಕನೇ ದಿನ ಸಂಜೆ ಕೆಂಚ ಕಾಲೆತ್ತಿ ಅವಳ ಅಂಗೈ ಮೇಲಿಟ್ಟ. ನೀನೂ ಇಲ್ಲೇ ಇದ್ದೆ, ಹಪ್ಪಳ ಎತ್ತಿಡ್ತಿದ್ದೆ. ಮೇಘನಾ ನಕ್ಕಳು. ಅಪ್ಪ ಹೋದ ಮೇಲೆ ಮೊದಲ ಸಲ ನಕ್ಕಿದ್ದು ಕೂಸು. ನಾನು ಆ ಕಡೆ ತಿರುಗಿ ಮೂಗು ಒರೆಸ್ಕೊಂಡೆ. 'ನೀವೂ ಕೇಳಿ ದೊಡ್ಡಪ್ಪ' ಅಂದಳು. ಕೇಳ್ದೆ. ಕೊಟ್ಟ! ನನ್ನ ಕೈಗೂ ಕೊಟ್ಟ! ಆ ಬೆಚ್ಚನೆ ಪಾದ ಅಂಗೈ ಮೇಲೆ ಕುಂತಾಗ... ಹೆಂಗೆ ಹೇಳ್ಲಿ, ಹೊಡೀದೇ, ಬೈಯದೇ, ಒಂದು ಜೀವ ನಾನು ಹೇಳಿದ್ದು ಕೇಳಿದ್ದು ಅದೇ ಮೊದಲು ತಂಗಿ ನನ್ನ ಆಯುಷ್ಯದಾಗೆ. ಅವತ್ತಿಂದ ನನ್ನ ಜೇಬಿನಾಗೆ ರಸ್ಕು. ನಮ್ಮ ಮನೆಯೋಳು ಜಗದಾಂಬ ಬೈತಾಳೆ, ಒಗೆಯೋಕೆ ಅಂಗಿ ತೆಗೆದ್ರೆ ಜೇಬು ತುಂಬ ಇರುವೆ, ಮುದುಕರಾದಂಗೆ ಹುಡುಗಾಟ ಹೆಚ್ಚಾಯ್ತು ನಿಮಗೆ ಅಂತ. ಬೈಲಿ.

ಇನ್ನೊಂದು ಮಾತೂ ಹೇಳಿದ್ಲು ನಿನ್ನ ಮಗಳು. ಸರಿ ಮಾಡಿದಾಗ ಕೊಡದೇ ಮೋಸ ಮಾಡಬಾರದಂತೆ. ಒಂದು ಸಲ ಮೋಸ ಆಯ್ತು ಅಂದ್ರೆ ನಾಯಿ ಆ ಕೈನ ಮತ್ತೆ ನಂಬಲ್ವಂತೆ. ಎಷ್ಟು ತಿಳಿದುಕೊಂಡೈತೆ ನೋಡು ಹುಡುಗಿ.

ಕೋಲು ತರೋದು ಮಾತ್ರ ನಾನು ಕಲಿಸಿದ್ದು. ಒಪ್ಕೋತೀನಿ. ಕೋಲು ಎಸೆಯೋದು, 'ತಗಂಬಾ' ಅನ್ನೋದು, ಅಷ್ಟೇ. ಊರಾಗೆ ಯಾರು ಕಲಿಸಲ್ಲ? ಆ ಚಟ ಅಂಟ್ಕೊಂಡೈತೆ ಅದಕ್ಕೆ. ಗೂಟ ಅಂದ್ರೇನು, ನೆಟ್ಟಗೆ ನಿಂತ ಕೋಲು. ಇದು ಮನೆ ಕೋಲು, ಇದು ಸರ್ಕಾರದ ಕೋಲು ಅಂತ ನಾಯಿಗೆ ಭೇದ ಐತಾ? ಕೆಂಪು ಬಣ್ಣ ಬೇರೆ ಬಳಿದಾರೆ, ಆಟದ ಸಾಮಾನಿನಂಗೆ ಕಂಡೈತೆ. ನೆಲ ಮೆತ್ತಗಿತ್ತು, ಎಳೆದ, ಬಂತು.

...ಹಂಗ್ಯಾಕೆ ನೋಡ್ತೀಯ? ಬೇಸಿಗೆ, ಹೌದು. ಕೊಯ್ಲಾಗಿ ಇಪ್ಪತ್ತು ದಿನ, ಗದ್ದೆ ಒಣಗಿ ಕಲ್ಲಾಗೈತೆ, ಅದೂ ಹೌದು. ಸರ್ವೆಯರ್ ಜೊತೆ ಬಂದೋನು ಸುತ್ತಿಗೆಯಾಗೆ ಹೊಡೆದೂ ಹೊಡೆದೂ ಅಂಗಿ ಬಿಚ್ಚಿದ, ಅದನ್ನೂ ನೋಡೀನಿ. ಆದ್ರೆ ಬುಡಕ್ಕೆ ನೀರು ಹುಯ್... ಅಂದ್ರೆ, ಕಾಲುವೆ ಪಕ್ಕ ಅಲ್ವಾ? ಅಂಜನಾಪುರ ಡ್ಯಾಮಿನ ನೀರು ಇನ್ನೂ ನಿಲ್ಲಿಸಿಲ್ಲ. ಜಿನುಗಿ ಜಿನುಗಿ ಗೂಟದ ಬುಡಕ್ಕೆ ಬಂದೈತೆ. ಪಕ್ಕದ ಗದ್ದೆ ಕೆಂಪಪ್ಪ ಏನಾದ್ರೂ ಹೇಳಿದ್ನಾ ನಿನಗೆ? ...ಏನು ಹೇಳಿದ? ...ಬಿಡು, ಅವನಿಗೆ ನಮ್ಮ ಮನೆ ಜಗಳ ಅಂದ್ರೆ ಹಬ್ಬದೂಟ.

ನನಗೆ ನೋವಾಗಿದ್ದು ಗೂಟಕ್ಕಲ್ಲ ತಂಗಿ. ಅರ್ಜಿಗೆ. ಈ ಬುದ್ಧಿ ನಿನಗೆ ಹೇಳಿಕೊಟ್ಟೋರು ಯಾರು? ನಿಮ್ಮಣ್ಣ ಚಂದ್ರಶೇಖರನೇ ಇರ್ಬೇಕು. ಸೊರಬದ ಕಡೆಯೋರು ಹಂಗೇ, ಮಾತು ಮೆತ್ತಗೆ, ಕಾಗದ ಗಟ್ಟಿ. ...ಅಣ್ಣ ಅಲ್ವಾ? ಮತ್ತೆ? ...ನೀನೇನಾ? ನೀನೊಬ್ಬಳೇ ಬಸ್ ಹತ್ತಿ ಶಿಕಾರಿಪುರಕ್ಕೆ ಹೋಗಿ, ಆಫೀಸಿನ ಮುಂದೆ ಸಾಲು ನಿಂತು, 'ಹದ್ದುಬಸ್ತು ಮಾಡಿಕೊಡಿ' ಅಂತ ಬಾಯಿಬಿಟ್ಟು ಕೇಳಿದ್ಯಾ? ನನ್ನ ಎದುರು ಆಡದ ಬಾಯಿ ಅಲ್ಲಿ ಆಡ್ತಾ?

ನನಗೆ ಒಂದು ಮಾತು ಹೇಳ್ಬೋದಿತ್ತು. ಜಗದಾಂಬನ ಹತ್ರ ಹೇಳಿಸ್ಬೋದಿತ್ತು. ಅದು ಬಿಟ್ಟು ಊರ ಮುಂದೆ ಆ ಮಿಷನ್ನು ನಿಲ್ಲಿಸಿ ಗದ್ದೆ ಅಳೆಸಿದೆ. ಒಂದೊಂದು ಗೂಟ ಹೊಡೆದಾಗ್ಲೂ ನನ್ನ ಎದೆಗೆ ಹೊಡೆದಂಗಾಯ್ತು. ಎಲ್ಲಿ ಬಂದ್ವು ಗೂಟ? ನನ್ನ ಬದುವಿನಿಂದ ಎಂಟಡಿ ಒಳಗೆ! ಎಂಟಡಿ! ತೂಬು ನಿನ್ನ ಕಡೆ, ತೂಬಿನ ಪಕ್ಕದ ನೆಲ ನಿನ್ನ ಕಡೆ. ಆ ಕೆಂಪಪ್ಪ ಬೀಡಿ ಹಚ್ಕೊಂಡು, 'ಏನ್ ವೀರಬಸಪ್ಪಣ್ಣ, ಬದುವಿಗೆ ಕಾಲು ಬಂದು ನಡ್ಕೊಂಡು ಹೋಗಿತ್ತಾ?' ಅಂದ. ನಕ್ಕರು ಎಲ್ಲ. ಸರ್ವೆಯರೂ ನಕ್ಕರು.

ಬದು ಹೊಸದಾಗಿ ಹಾಕಿಸಿದ್ದು ನಾನೇ, ಇಲ್ಲ ಅಂತೀನಾ? ನಾಗರಾಜ ಶ್ರಾವಣದಾಗೆ ಹೋದ, ಸುಗ್ಗಿ ಮುಗಿದ ಮೇಲೆ ಹಾಕಿಸಿದೆ. ಹಳೇ ಬದುನ ಇಲಿ ತೋಡಿ ತೋಡಿ ಜರಡಿ ಮಾಡಿದ್ವು. ಟಿಲ್ಲರ್ ಹೊಡೆಯೋವಾಗ ಒಂದಡಿ ಆ ಕಡೆ ಈ ಕಡೆ... ಸರಿ, ಎಂಟಡಿ. ಆಗ ನೀನು ಏನಾದ್ರೂ ಅಂದ್ಯಾ? ಅನ್ಲಿಲ್ಲ ತಾನೇ? ನಾನೂ ಹಂಗೇ ಬಿಟ್ನಾ? ಸಂಕ್ರಾಂತಿಗೆ ಜಗದಾಂಬನ ಕೈಲಿ ಸೀರೆ ಕಳಿಸ್ದೆ. ನೀನು ಪಹಣಿ ತೆಗೆಸೋಣ ಅನ್ಲಿಲ್ಲ, ನಾನು ಎರಡು ಚೀಲ ಸಣ್ಣಕ್ಕಿ ಕಳಿಸ್ದೆ. ಕೆಂಪಪ್ಪ ಬಂದು ಕಿವಿ ಕಚ್ಚಿದಾಗ್ಲೂ ನೀನು ತಲೆ ಹಾಕ್ಲಿಲ್ಲ ಅಂತ ಗೊತ್ತಾಯ್ತು, ಮೇಘನಾಗೆ ಪುಸ್ತಕ ತಂದುಕೊಟ್ಟೆ. ನೀನು ಸುಮ್ನಿದ್ದಾಗೆಲ್ಲ ನಾನು ಏನಾದ್ರೂ ಒಂದು ಕಳಿಸ್ತಾನೇ ಇದ್ದೆ... ಕೂಡ್ಲೇ...

ಏನು? ನಾಯಿನ್ನ ನೋಡಿ ನನ್ನ ನೋಡ್ತೀಯ. ನನ್ನ ನೋಡಿ ನಾಯಿನ್ನ ನೋಡ್ತೀಯ. ...ಛೆ ಛೆ! ಎಲ್ಲಿಂದ ಎಲ್ಲಿಗೆ! ಅದು ಬೇರೆ, ಇದು ಬೇರೆ. ನಾನು ಹಂಗೆ ಅಂದ್ಕೊಂಡು ಕಳಿಸಿದ್ದಲ್ಲ, ನಮ್ಮ ಲಿಂಗದಾಣೆ. ಆ ಸೀರೆ ನೀನು ಉಟ್ಟಿದ್ದನ್ನ ಒಂದು ಸಲನೂ ನೋಡ್ಲಿಲ್ಲ ನಾನು, ಅದಕ್ಕೂ ಏನೂ ಅನ್ಲಿಲ್ಲ.

ನಿನಗೆ ತೂಬಿನ ಆಸೆ ಹುಟ್ಟಿತು. ಅಷ್ಟೇ ಇದು. ನೀರು ಮೊದಲು ನಮ್ಮ ಗದ್ದೆಗೆ ಬೀಳ್ಲಿ ಅಂತ. ತಪ್ಪಲ್ಲ, ರೈತರಿಗೆ ಇರೋ ಆಸೆನೇ. ನನಗೂ ಐತೆ. ...ತೂಬಲ್ವಾ? ಮತ್ತೇನು? ಅಲ್ಲೇನೈತೆ, ಬಾಯಿಬಿಟ್ಟು ಹೇಳು. ಗೋಡೆ ಕಡೆ ಯಾಕೆ ತಿರುಗಿದೆ? ...ನಾಗರಾಜನ ಫೋಟೋ.

ಓ. ಸಮಾಧಿ.

ನಮ್ಮೋರು ಸ್ವಂತ ನೆಲದಾಗೇ ಮಣ್ಣು ಮಾಡೋದು ತಲೆಮಾರಿನಿಂದ ಬಂದ ಪದ್ಧತಿ. ತೂಬಿನ ಪಕ್ಕ, ಅವನು ಮಧ್ಯಾಹ್ನ ಕುಂತು ಬುತ್ತಿ ಉಣ್ತಿದ್ದ ಜಾಗ. ಬೆರಳು ಮಾಡಿ ಜಾಗ ತೋರಿಸಿದ್ದು ನೀನು. ಗುಂಡಿ ತೋಡಿಸಿದ್ದು ನಾನು. ಈಗಿನ ಬದುವಿನ ಲೆಕ್ಕಕ್ಕೆ ಅದು ನನ್ನ ಕಡೆ ಬಂದೈತೆ. ಬಂದ್ರೇನಾಯ್ತು? ನನ್ನ ತಮ್ಮ ಅಲ್ವಾ ಅವನು? ಅಣ್ಣನ ನೆಲದಾಗೆ ತಮ್ಮ ಮಲಗಿದ್ರೆ ಯಾರ ಗಂಟು ಹೋಯ್ತು? ನೀನು ಸೋಮವಾರ ಸೋಮವಾರ ಪತ್ರೆ ಇಡೋಕೆ ಬಾ, ದೀಪ ಹಚ್ಚು. ಬೇಡ ಅಂದೋರ್ಯಾರು?

...

ಅಂದಿದ್ದೆ.

ಹೌದು, ಅಂದಿದ್ದೆ. ಒಂದೇ ಒಂದು ಸಲ ತಂಗಿ! ಬೇಸಿಗೆ ಭತ್ತಕ್ಕೆ ಸಸಿ ಮಡಿ ಹಾಕಿದ್ದೆ, ಮೊಳಕೆ ಆಗಷ್ಟೇ ಹಸಿರಿಗೆ ತಿರುಗಿತ್ತು. ನೀನು ಪತ್ರೆ ತಟ್ಟೆ ಹಿಡ್ಕೊಂಡು ಬದು ಇಳೀತಿದ್ದೆ. 'ತುಳೀಬೇಡ, ಅದು ನನ್ನ ಗದ್ದೆ' ಅಂತ ಕೂಗ್ದೆ. ಸಸಿ ಮೇಲಿನ ಆಸೆಗೆ ಕೂಗಿದ್ದು, ಬೇರೆ ಏನೂ ಇಲ್ಲ. ನೀನು ತಟ್ಟೆನ ಬದುವಿನ ಮೇಲಿಟ್ಟು ತಿರುಗಿ ಹೋದೆ. ಸಂಜೆ ನಾನೇ ಆ ಪತ್ರೆ ತಗೊಂಡು... ಇಲ್ಲ, ಇಡ್ಲಿಲ್ಲ. ಇಡ್ಬೇಕು ಅಂದ್ಕೊಂಡೆ, ಕೆಲಸದಾಗೆ ಮರೆತೆ. ಆಡು ತಿಂದುಬಿಟ್ಟಿತ್ತು. ಅದಕ್ಕಾ? ಅರ್ಜಿ ಹಾಕಿದ್ದು ಅದಕ್ಕಾ ತಂಗಿ? ನೀರಿಗಲ್ವಾ?

ನಾನು ನೀರಿಗೆ ಅಂದ್ಕೊಂಡೆ. ಇಷ್ಟು ದಿನ ನೀರಿಗೆ ಅಂತಾನೇ ಅಂದ್ಕೊಂಡೆ.

ಸರಿ. ತಪ್ಪಾಯ್ತು. ದೊಡ್ಡೋನಾಗಿ ಕೈ ಮುಗೀತೀನಿ, ಇನ್ಮೇಲೆ ಕೂಗಲ್ಲ. ಬದುವಿನಿಂದ ಸಮಾಧಿವರೆಗೂ ಒಂದಡಿ ದಾರಿ ಬಿಡ್ತೀನಿ. ಎರಡಡಿ. ಈಗ ಸಹಿ ಹಾಕು, ಹೊತ್ತಾಗ್ತೈತೆ. ಪೆನ್ನು ಇಗೋ. ...ಎಲ್ಲಿಗೆ? ಹೊರಗೆ ಬಂದ್ಯಾ? ಬಾ, ಬಾ, ಇಲ್ಲೇ ಬೆಳಕೈತೆ. ...ಸೌದೆ ಯಾಕೆ ತಗೊಂಡೆ?

ಎಸೆದೆ. ಓ, ಪರೀಕ್ಷೆ ಮಾಡ್ತೀಯಾ! ಮಾಡು, ಮಾಡು. ಕೆಂಚ! ತಗಂಬಾ! ...ಹೋಗೋ! ಅಲ್ಲಿ ಬಿತ್ತಲ್ಲ ಕೋಲು, ತಗಂಬಾ! ...ನನ್ನ ಮುಖ ಏನು ನೋಡ್ತೀಯ, ಕೋಲು ನೋಡು! ಹೊಟ್ಟೆ ತುಂಬಿರ್ಬೇಕು ತಂಗಿ. ಬೆಳಿಗ್ಗೆ ರೊಟ್ಟಿ ಹಾಕಿದ್ಯಾ? ...ಹಾಕಿಲ್ವಾ. ಹಂಗಾದ್ರೆ ಬಿಸಿಲಿಗೆ ಮಂಕಾಗೈತೆ. ಬಿಡು, ಒಂದೊಂದು ಸಲ ಕೇಳಲ್ಲ. ಒಂದೊಂದು ಸಲ ಏನು, ಕೋಲು ಅಂದ್ರೆ ಅದಕ್ಕೆ ಅಷ್ಟಕ್ಕಷ್ಟೇ...

ಆ ಗೂಟ ಯಾಕೆ ಎತ್ತಿಕೊಂಡೆ? ಸಾಕ್ಷಿಗೆ ತಂದೀನಿ, ಚೀಲದಾಗೇ ಇರ್ಲಿ. ಕಲ್ಲು ಬೇರೆ... ಅಂಗಳದಾಗೆ ಯಾಕೆ ಹೊಡೀತೀಯ? ನಿಲ್ಲು ತಂಗಿ, ಸರ್ಕಾರದ ಗೂಟ ಅದು. ಇಷ್ಟು ಗಟ್ಟಿ ಕೈ ನಿನಗೆ ಯಾವಾಗ ಬಂತು? ...ಆಯ್ತಾ? ನೆಟ್ಟಾಯ್ತಾ? ಈಗ ಚೊಂಬು ಯಾಕೆ?

ನೀರು ಹುಯ್ತಿದೀಯ. ಬುಡಕ್ಕೆ.

ಬುಡಕ್ಕೆ ನೀರು ಹುಯ್ಬೇಕು ಅಂತ ನಿನಗೆ ಯಾರು ಹೇಳಿದ್ರು? ಕೆಂಪಪ್ಪನಾ? ...ಯಾರೂ ಹೇಳ್ಲಿಲ್ವಾ? ನೀನೇ... ನೋಡಿದ್ಯಾ? ಎಲ್ಲಿ ನಿಂತು ನೋಡಿದೆ? ಬೆಳಕು ಹರಿಯೋ ಮುಂಚೆ ಯಾರಿರ್ತಾರೆ ಗದ್ದೆಯಾಗೆ... ನೀನು ಇರ್ತಿದ್ದೆ. ಸೋಮವಾರ. ನಾನು ಬರೋಕೆ ಮುಂಚೆ ಪತ್ರೆ ಇಟ್ಟು ಹೋಗೋಣ ಅಂತ ಬರ್ತಿದ್ದೆ.

ಕೆಂಚ, ಬೇಡ. ಕೂತ್ಕೋ. ಕೂತ್ಕೋ ಅಂದೆ! ನೋಡು ತಂಗಿ, ನಾನು ಏನೂ ಹೇಳ್ಲಿಲ್ಲ, ನಾನು ಬಾಯೇ ಬಿಟ್ಟಿಲ್ಲ, ಅದೇ ಹೋಗ್ತೈತೆ. ಮೂಸ್ತಾನೆ... ಕಚ್ಚಿದ... ಈ ಕಡೆಗೊಂದು ಸಲ, ಆ ಕಡೆಗೊಂದು ಸಲ... ಬಂತು. ನಿನ್ನ ಹತ್ರ ತಂದುಕೊಡ್ತಾನೆ ನೋಡು. ನಿನ್ನ ನಾಯಿ ಅಲ್ವಾ, ಅನ್ನ ಹಾಕೋಳು ನೀನು, ನಿನ್ನ ಹತ್ರಾನೇ... ಇಲ್ಲ. ಇಲ್ಲಿ ಬರ್ಬೇಡ. ಅಮ್ಮನಿಗೆ ಕೊಡೋ. ಅಮ್ಮ ಅಲ್ಲಿದಾಳೆ. ನನ್ನ ಕಾಲ ಹತ್ರ ಇಡ್ಬೇಡ ಅದನ್ನ, ಇಡ್ಬೇಡ... ಭೇಷ್...

ನಾನು ಅನ್ಲಿಲ್ಲ. ಬಾಯಿತಪ್ಪಿ ಬಂತು. ಕೈ... ಈ ಕೈ ತಾನೇ ಜೇಬಿಗೆ ಹೋಗೈತೆ ನೋಡು. ನಾನು ಕಳಿಸ್ಲಿಲ್ಲ. ರಸ್ಕು ಕೈಯಾಗೇ ಐತೆ.

ಆಯ್ತು. ಕಲಿಸಿದೆ. ಹದಿನೈದು ದಿನದ ಕೆಳಗೆ, ಸರ್ವೆ ಆದ ಮಾರನೇ ದಿನ. ನಮ್ಮ ಹಿತ್ತಲಾಗೆ ಕರು ಕಟ್ಟೋ ಗೂಟಕ್ಕೆ ಕೆಂಪು ಬಣ್ಣ ಬಳಿದೆ. ಮೂಸಿದ್ದಕ್ಕೆ ಒಂದು ಚೂರು, ಕಚ್ಚಿದ್ದಕ್ಕೆ ಒಂದು ಚೂರು, ಅಲ್ಲಾಡಿಸಿದ್ದಕ್ಕೆ ಒಂದು ಚೂರು. ಎರಡೇ ದಿನಕ್ಕೆ ಕಲಿತ. ಜಾಣ ನಾಯಿ ಅದು. ನನ್ನ ಕೈಯಾರೆ ಕಿತ್ರೆ ತಪ್ಪು, ನಾಯಿ ಕಿತ್ರೆ ಆಟ ಅಂತ ಲೆಕ್ಕ ಹಾಕ್ದೆ. ಮೇಘನಾಗೆ ಹೇಳ್ಬೇಡ ತಂಗಿ. ಅವಳು ಕಲಿಸಿದ ವಿದ್ಯೆ ಅದು, ಅವಳ ಅಪ್ಪನ ದುಃಖಕ್ಕೆ ಅಂತ ಕಲಿಸಿದ್ದು. ದೊಡ್ಡಪ್ಪ ಅಂತ ಬಂದು ಪಕ್ಕದಾಗೆ ಕೂರ್ತಾಳಲ್ಲ, ಅದೊಂದು ಉಳೀಲಿ ನನಗೆ. ನಿನಗೆ ಹೇಳಿಬಿಟ್ಟೆ, ಇನ್ನೇನೂ ಮುಚ್ಚಿಟ್ಟಿಲ್ಲ. ಅಷ್ಟೇ ಇರೋದು.

...

ಅಷ್ಟೇ ಅಂದ್ನಲ್ಲ. ಮತ್ತೆ ಒಳಗೆ ಯಾಕೆ ಹೋದೆ? ಶಕುಂತಲಾ! ...ಏನದು ಸೆರಗಿನಾಗೆ? ಇಲ್ಲಿಡು.

ಎಲ್ಲಿ ಸಿಕ್ತು ಈ ಗೂಟ? ತೂಬಿನ ಬಾಯಿಗೆ ಸಿಕ್ಕಿಕೊಂಡಿತ್ತಾ? ಕಾಲುವೆಗೆ ಎಸೆದ್ರೆ ತೇಲಿ ಹೋಗುತ್ತೆ ಅಂದ್ಕೊಂಡೆ... ಅಂದ್ರೆ ಕೆಂಚ ಎಸೆದ್ರೆ... ನಾಯಿ ಎಸೆಯಲ್ಲ. ಹೌದು. ತಿರುಗಿಸಿ ತೋರಿಸ್ಬೇಡ, ಕಾಣ್ತೈತೆ ನನಗೆ. ಬಣ್ಣ ಹಂಗೇ ಐತೆ. ಒಂದು ಹಲ್ಲೂ ಬಿದ್ದಿಲ್ಲ.

ಮಾತಾಡು ತಂಗಿ. ಬೈ. ಕಳ್ಳ ಅನ್ನು, ಇಲ್ಲಾಂದ್ರೆ ಆ ಕಲ್ಲು ಎತ್ತಿ ಎಸಿ. ನೀನು ಸುಮ್ನಿರೋದನ್ನ ಇಪ್ಪತ್ತೆರಡು ವರ್ಷ ನೋಡೀನಿ. ಮರ್ಯಾದೆ ಅಂದ್ಕೊಂಡಿದ್ದೆ, ಹೆದರಿಕೆ ಅಂತಾನೂ ಅಂದ್ಕೊಂಡಿದ್ದೆ. ಇವತ್ತಿಂದು ಅದ್ಯಾವುದೂ ಅಲ್ಲ. ತಲೆ ಮೇಲೆ ಸೆರಗಿಲ್ಲ ನಿನಗೆ, ಬಾಗಿಲ ಮರೆಯಿಲ್ಲ, ಕಣ್ಣಿಗೆ ಕಣ್ಣಿಟ್ಟು ನಿಂತಿದೀಯ. ...ಬೈಕ್ ಸದ್ದು. ಬಂದ್ರು ಅನ್ಸುತ್ತೆ ಸರ್ವೆಯರ್. ಏನು ಹೇಳ್ತೀಯ ಅವರಿಗೆ? ನಾಯಿ ಅಂತೀಯಾ, ನನ್ನ ಹೆಸರು ಹೇಳ್ತೀಯಾ? ...ಏನೂ ಹೇಳಲ್ವಾ? ನಾನೇ ಹೇಳ್ಬೇಕಾ?

ಹೇಳ್ತೀನಿ. ಮೊದಲು ನಿನಗೆ ಹೇಳ್ತೀನಿ. ನಾಲ್ಕು ಗೂಟ ನಾಯಿ ಕಿತ್ತಿತು, ನಾನು ಹೇಳಿದ್ದಕ್ಕೆ. ಐದನೇದು ನಾಗರಾಜನ ತಲೆ ದಿಕ್ಕಿಗೆ ಇತ್ತು, ಸಮಾಧಿಗೆ ಒಂದು ಮಾರು ಅಷ್ಟೇ. ನೀರು ಹುಯ್ದೆ. 'ಕೀಳು ಕೆಂಚ' ಅಂದೆ. ಹೋಗ್ಲಿಲ್ಲ. ಸಮಾಧಿ ಮೇಲೆ ಹತ್ತಿ, ಮಣ್ಣಿಗೆ ಗಲ್ಲ ಊರಿ ಮಲಗಿಬಿಡ್ತು. ಮೂರು ಸಲ ಹೇಳ್ದೆ. ಗದರಿಸ್ದೆ. ರಸ್ಕಿನ ಪೊಟ್ಟಣ ಪೂರ್ತಿ ಬಿಚ್ಚಿ ಮೂಗಿನ ಮುಂದೆ ಸುರಿದೆ. ಮೂಸಿ ಕೂಡ ನೋಡ್ಲಿಲ್ಲ. ನನ್ನನ್ನೇ ನೋಡ್ತಾ ಮಲಗಿತ್ತು, ನೀನು ಈಗ ನೋಡ್ತಿದೀಯಲ್ಲ, ಹಿಂಗೇ.

ಆ ಗೂಟ ನಾಯಿ ಕೀಳ್ಲಿಲ್ಲ ತಂಗಿ. ನಾನು ಕಿತ್ತೆ.